ಇನ್ನೊಂದು ಸಲ ಬೀಗ ಬಿದ್ದರೆ ಮನೆಯೊಳಗೆ ಕೂರ್ತೀರಾ? (ಆಸ್ಟ್ರೇಲಿಯಾದ ಲಾಕ್‌ಡೌನ್, ಲಸಿಕೆ)

ಮಲ್ಲಿಗೆಬಳ್ಳಿ (ಮೆಲ್ಬರ್ನ್)

ಮಗಳು ಈ ವರ್ಷ ಶಾಲೆಗೆ ಸೇರಿದಳು. ಮೊನ್ನೆ ಬ್ಯಾಗು ಎಸೆದವಳೇ "ಅಮ್ಮ, ಲಾಕ್‌ಡೌನ್ ಬೇಬಿ ಅಂದ್ರೆ ಏನು?" ಅಂದಳು. ಯಾರೋ ಹೇಳಿರಬೇಕು. ಅವಳು ಹುಟ್ಟಿದ್ದು 2020ರ ಆಗಸ್ಟ್, ಮೆಲ್ಬರ್ನಿನ ಎರಡನೇ ಲಾಕ್‌ಡೌನಿನ ನಟ್ಟನಡುವೆ. ರಾತ್ರಿ ಎಂಟರಿಂದ ಬೆಳಗ್ಗೆ ಐದರವರೆಗೆ ಕರ್ಫ್ಯೂ. ಮನೆಯಿಂದ 5 ಕಿಲೋಮೀಟರ್ ದಾಟುವ ಹಾಗಿಲ್ಲ. ದಿನಕ್ಕೆ ಒಂದು ಗಂಟೆ ವಾಕಿಂಗ್. ನೋವು ಶುರುವಾದಾಗ ರಾತ್ರಿ ಹತ್ತೂವರೆ. ಖಾಲಿ ರಸ್ತೆಯಲ್ಲಿ ಪೊಲೀಸಪ್ಪ ಕಾರು ನಿಲ್ಲಿಸಿ ಟಾರ್ಚ್ ಬಿಟ್ಟ, ನನ್ನ ಹೊಟ್ಟೆ ಕಂಡು ಬಾಯಿಂದ ಮಾತೇ ಹೊರಡದೆ ಕೈಬೀಸಿ ಕಳಿಸಿದ.

ಅದೆಲ್ಲ ಈಗ ನಗುವ ಕಥೆ. ನಗು ಬರದ ಕಥೆ ಬಾಣಂತನದ್ದು. ಅಮ್ಮ ಬರಬೇಕಿತ್ತು. ಸೂಟ್‌ಕೇಸಿನಲ್ಲಿ ಖಾರದಪುಡಿ, ಅಂಟಿನುಂಡೆಗೆ ಅಂಟು, ಮಗುವಿಗೆ ಹಳೇ ಪಂಚೆ ಎಲ್ಲ ತುಂಬಿಟ್ಟಿದ್ದರು. ಮಾರ್ಚ್ 20ಕ್ಕೆ ದೇಶದ ಬಾಗಿಲು ಮುಚ್ಚಿತು. ನಾಗರಿಕರು, ಕಾಯಂ ನಿವಾಸಿಗಳು, ಅವರ 'ಹತ್ತಿರದ ಕುಟುಂಬ' ಮಾತ್ರ ಬರಬಹುದು. ಅರ್ಜಿ ಹಾಕಿದೆ. ಉತ್ತರ ಬಂತು: ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಇವರು ಕುಟುಂಬ. ಹೆತ್ತವರು ಆ ಪಟ್ಟಿಯಲ್ಲಿಲ್ಲ. ಆ ವ್ಯಾಖ್ಯೆ ಬದಲಾದದ್ದು 2021ರ ನವೆಂಬರ್ 1ಕ್ಕೆ. ಅಷ್ಟು ಹೊತ್ತಿಗೆ ಮಗು ಓಡಾಡಿಕೊಂಡಿತ್ತು, ಖಾರದಪುಡಿಗೆ ಹುಳ ಬಿದ್ದಿತ್ತು.

ಒಟ್ಟು ಆರು ಲಾಕ್‌ಡೌನ್, 262 ದಿನ. ನಾನು ಒಂದು ದಿನವೂ ನಿಯಮ ಮುರಿಯಲಿಲ್ಲ. ಕೇಂದ್ರ ಸರ್ಕಾರದ ತನಿಖಾ ಸಮಿತಿ 2024ರ ಅಕ್ಟೋಬರಿನಲ್ಲಿ ಕೊಟ್ಟ ವರದಿಯಲ್ಲಿ ಒಂದು ಮಾತಿದೆ: ಜನರ ನಂಬಿಕೆ ಸವೆದಿದೆ, ಆಗ ಒಪ್ಪಿಕೊಂಡ ಎಷ್ಟೋ ಕ್ರಮಗಳನ್ನು ಇನ್ನೊಮ್ಮೆ ಜನ ಒಪ್ಪುವುದು ಕಷ್ಟ. ಓದಿದಾಗಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನೀವೇನಂತೀರಿ? ಇನ್ನೊಂದು ಸಲ ಬೀಗ ಬಿದ್ದರೆ ಕೂರ್ತೀರಾ?

ಧಾರವಾಡಪೇಡೆ (ಸಿಡ್ನಿ)

ಅಕ್ಕಾರ, ನಿಮ್ಮ ಮೆಲ್ಬರ್ನ್ ಕಥಿ ಖರೇ. ಆದ್ರ ನಿಮಗೆಲ್ಲಾರಿಗೂ ಒಂದ ಬೀಗ ಇತ್ತು ನೋಡ್ರಿ. ನಮ್ಮ ಸಿಡ್ನಿಯಾಗ ಎರಡ ಥರದ ಬೀಗ.

2021ರ ಜೂನ್‌ದಾಗ ಡೆಲ್ಟಾ ಶುರುವಾಗಿದ್ದ ಎಲ್ಲೆ? ಬೊಂಡಾಯ್‌ದಾಗ. ಸಮುದ್ರದ ದಂಡಿ, ರೊಕ್ಕಸ್ಥರ ಊರು. ವಿಮಾನದ ಸಿಬ್ಬಂದಿನ ಕರಕೊಂಡು ಹೋಗೋ ಒಬ್ಬ ಡ್ರೈವರಗ ಬಂತು, ಅಲ್ಲಿಂದ ಹಬ್ಬಿತು. ಆ ಮ್ಯಾಲೆ ಕಡೀಕ ಬಿಗಿ ಆಗಿದ್ದು ಯಾರಿಗೆ? ಪಶ್ಚಿಮಕ್ಕ ಮತ್ತ ನೈಋತ್ಯಕ್ಕ. ಬ್ಲ್ಯಾಕ್‌ಟೌನ್, ಕಂಬರ್‌ಲ್ಯಾಂಡ್, ಪ್ಯಾರಾಮಟ್ಟ, ಫೇರ್‌ಫೀಲ್ಡ್, ಹಿಂಗ ಹನ್ನೆರಡು ಕೌನ್ಸಿಲ್‌ಗೆ 'ಕಳವಳದ ಪ್ರದೇಶ' ಅಂತ ಹೆಸರಿಟ್ರು. ನಮ್ಮ ಮಂದಿ, ಲೆಬನಾನ್ ಮಂದಿ, ವಿಯೆಟ್ನಾಂ ಮಂದಿ, ಎಲ್ಲಾರೂ ಇರೋದು ಅಲ್ಲೇ. ರಾತ್ರಿ ಒಂಬತ್ತರ ಮ್ಯಾಲೆ ಕರ್ಫ್ಯೂ ನಮಗಷ್ಟ. ಮಿಲಿಟ್ರಿ ಬಂದದ್ದು ನಮ್ಮ ಓಣಿಗೆ. ಯುದ್ಧ ನೋಡಿ ಓಡಿ ಬಂದ ಮಂದಿ ಬಾಗಿಲಿಗೆ ಸೈನಿಕರನ್ನ ಕಳಿಸಿದ್ರ ಅವರ ಎದಿ ಹೆಂಗ ಆಗಿರಬ್ಯಾಡ? ಆ ಕಡೆ ಟೀವಿಯೊಳಗ ನೋಡಿದ್ರ ಬೊಂಡಾಯ್ ಬೀಚಿನ್ಯಾಗ ಬಿಸಿಲ ಕಾಸಿಕೋತ ಕುಂತ ಮಂದಿ! ಅದೂ 'ವ್ಯಾಯಾಮ' ಅಂತ.

ನಮ್ಮ ಓಣಿಯಾಗ ಇದ್ದವರು ಯಾರು? ಗೋದಾಮಿನವರು, ಟ್ರಕ್ಕಿನವರು, ವೃದ್ಧಾಶ್ರಮದಾಗ ದುಡಿಯೋರು, ಸೂಪರ್ ಮಾರ್ಕೆಟ್ಟಿನವರು. ಮನಿಯೊಳಗ ಕುಂತು ಲ್ಯಾಪ್‌ಟಾಪ್ ಒತ್ತೋ ಕೆಲಸ ಅಲ್ಲ. ಇವರು ಹೊರಗ ಹೋದ್ರಂತ ಉಳಿದವರ ಮನಿ ಬಾಗಿಲಿಗೆ ಕಿರಾಣಿ ಬಂತು. ರೋಗ ಅವರಿಗೆ ಹತ್ತಿತು, ಬೈಗುಳಾನೂ ಅವರಿಗೇ ಹತ್ತಿತು.

ನನಗ ದಂಡಾನೂ ಬಿತ್ತು. ಆ ಕಥಿ ಆಮ್ಯಾಲೆ ಹೇಳ್ತೇನಿ, ಈಗ ಶಿಫ್ಟ್ ಐತಿ.

ಸ್ವಾನ್‌ನದಿ (ಪರ್ತ್)

ನಾನು ಹೇಳಿದರೆ ಎಲ್ಲರೂ ಬೈಯುತ್ತೀರಿ, ಆದರೂ ಹೇಳುತ್ತೇನೆ. ನಮ್ಮಲ್ಲಿ ಲಾಕ್‌ಡೌನ್ ಅಂತ ಆದದ್ದು ಕೆಲವೇ ದಿನ. ಯುಗಾದಿ, ಗಣಪತಿ, ಮದುವೆ, ನಾಮಕರಣ ಎಲ್ಲ ಜನ ಸೇರಿಯೇ ನಡೆದವು. 2020ರ ಏಪ್ರಿಲ್ 5ಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಪೂರ್ವದ ರಾಜ್ಯಗಳಿಗೂ ಗಡಿ ಮುಚ್ಚಿತು, ಪೂರ್ತಿ ತೆಗೆದದ್ದು 2022ರ ಮಾರ್ಚ್ 3ಕ್ಕೆ. ಗಣಿ ಶ್ರೀಮಂತ ಕ್ಲೈವ್ ಪಾಮರ್ ಹೈಕೋರ್ಟಿಗೆ ಹೋದ, ಸೋತ. ಇಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟಿದ್ದ ಹಾಗೆ, ಅದರ ಮೇಲೆ ಇನ್ನೊಂದಿಲ್ಲ. 2021ರ ಮಾರ್ಚ್ ಚುನಾವಣೆಯಲ್ಲಿ ಆಗಿನ ಮುಖ್ಯಮಂತ್ರಿ ಮಾರ್ಕ್ ಮೆಕ್‌ಗೊವನ್ ಪಕ್ಷಕ್ಕೆ 59ರಲ್ಲಿ 53 ಸೀಟು. ಜನ ಒಪ್ಪಿದ್ದರು ಅನ್ನುವುದಕ್ಕೆ ಇನ್ನೇನು ಬೇಕು?

ಆದರೆ ಆ ಸುಖದ ಇನ್ನೊಂದು ಮುಖವೂ ಹೇಳಬೇಕು. ಒಳಗಿದ್ದವರಿಗೆ ಕೋಟೆ, ಹೊರಗೆ ಸಿಕ್ಕಿಬಿದ್ದವರಿಗೆ ಗೋಡೆ. ದೇಶ ಬಿಟ್ಟು ಹೊರಡುವುದಕ್ಕೂ ಅಪ್ಪಣೆ ಬೇಕಿತ್ತು, ನೆನಪಿದೆಯಾ? ಸ್ವಂತ ಪಾಸ್‌ಪೋರ್ಟ್ ಹಿಡಿದುಕೊಂಡು, ಅಪ್ಪನಿಗೆ ಹುಷಾರಿಲ್ಲ, ಹೋಗಲೇ ಅಂತ ಕೇಳುವುದು. ನಾನು ಕೇಳಿದೆ. ಅಪ್ಪಣೆ ಸಿಕ್ಕಿತು. ವಾಪಸ್ ಬರಲು ಸೀಟು ಸಿಗುವ ಭರವಸೆ ಇರಲಿಲ್ಲ, ಇಲ್ಲಿ ಎರಡು ಚಿಕ್ಕ ಮಕ್ಕಳು. ಹೋಗಲಿಲ್ಲ. ಹಾಸನದಲ್ಲಿ ತಮ್ಮ ಒಬ್ಬನೇ ಎಲ್ಲ ಮಾಡಿದ. ನಾನು ಮೊಬೈಲಿನಲ್ಲಿ ನೋಡಿದೆ.

ರಾತ್ರಿಪಾಳಿ (ಮೆಲ್ಬರ್ನ್, ನರ್ಸ್)

ಮಾರಾಯ್ರೆ, ಎಲ್ಲರದ್ದೂ ಕಷ್ಟ ಉಂಟು, ಇಲ್ಲ ಹೇಳುವುದಿಲ್ಲ. ಆದರೆ ಬೀಗ ಯಾಕೆ ಬಿತ್ತು ಹೇಳುವುದನ್ನು ಯಾರೂ ಬರೆಯಲೇ ಇಲ್ಲವಲ್ಲ.

ನಾನು ಆಗ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡ್ತಿದ್ದೆ. 2020ರ ಆಗಸ್ಟ್ 5ಕ್ಕೆ ವಿಕ್ಟೋರಿಯಾದಲ್ಲಿ ಒಂದೇ ದಿನ 725 ಕೇಸು. ಈಗ ಕೇಳಿದರೆ ಸಣ್ಣ ಸಂಖ್ಯೆ ಹೇಳಿ ಕಾಣ್ತದೆ. ಆಗ ಲಸಿಕೆ ಇರಲಿಲ್ಲ. ಆ ವರ್ಷ ಇಡೀ ದೇಶದಲ್ಲಿ ಸತ್ತವರು 909, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ವೃದ್ಧಾಶ್ರಮದ ಅಜ್ಜ ಅಜ್ಜಿಯರು. ರೋಗ ಒಳಗೆ ತಂದದ್ದು ನಾವೇ, ಕೆಲಸದವರು. ಯಾಕೆ? ಕ್ಯಾಶುವಲ್ ಕೆಲಸ, ಗಂಟೆ ಲೆಕ್ಕದ ಸಂಬಳ, ರಜೆ ಹಾಕಿದರೆ ದುಡ್ಡಿಲ್ಲ. ಸೋಮವಾರ ಒಂದು ಆಶ್ರಮ, ಮಂಗಳವಾರ ಇನ್ನೊಂದು. ಗಂಟಲು ನೋವು ಅಂತ ಮನೆಯಲ್ಲಿ ಕೂತರೆ ಬಾಡಿಗೆ ಕಟ್ಟುವುದು ಯಾರು?

ಒಂದು ಅಜ್ಜಿ ಇತ್ತು, ಇಟಲಿಯದ್ದು. ಇಂಗ್ಲಿಷು ಮರೆತುಹೋಗಿತ್ತು, ಕಡೆಗೆ ಇಟಾಲಿಯನ್ ಮಾತ್ರ ಉಳಿದಿತ್ತು. ಮಗಳು ಕಿಟಕಿಯ ಹೊರಗೆ ಮಳೆಯಲ್ಲಿ ನಿಂತು ಹಾಡಿದ್ದು. ನಾನು ಅಜ್ಜಿಯ ಕೈ ಹಿಡಿದದ್ದು, ಎರಡು ಗ್ಲೌಸ್ ಹಾಕಿಕೊಂಡು. ನನಗೆ ಭಾಷೆ ಬರುವುದಿಲ್ಲ, ಕನ್ನಡದಲ್ಲಿಯೇ ಎಂತದೋ ಹೇಳ್ತಾ ಕೂತೆ.

ಹಾಗಾಗಿ ನನ್ನ ಉತ್ತರ: ಹೌದು, ಕೂರ್ತೇನೆ. ಕರ್ಫ್ಯೂ ಬೇಕಿತ್ತಾ? ಬಹುಶಃ ಇಲ್ಲ. 2021ರಲ್ಲಿ ಮಕ್ಕಳ ಆಟದ ಮೈದಾನಕ್ಕೂ ಟೇಪು ಸುತ್ತಿದರಲ್ಲ, ಅದಂತೂ ಶುದ್ಧ ಮರ್ಲು. ಆದರೆ ಲಾಕ್‌ಡೌನೇ ಬೇಡ ಇತ್ತು ಹೇಳುವವರು ಒಂದು ರಾತ್ರಿ ನನ್ನ ಜೊತೆ ಪಾಳಿ ಮಾಡಬೇಕಿತ್ತು.

ಗಾರೆಕೆಲಸ (ಮೆಲ್ಬರ್ನ್)

ಸಿಸ್ಟರ್, ನಿಮ್ಮ ಕೆಲಸಕ್ಕೆ ಕೈ ಮುಗೀತೀನಿ. ಆದ್ರೆ ಲಾಕ್‌ಡೌನ್ ಬೇರೆ, ಬಲವಂತದ ಸೂಜಿ ಬೇರೆ.

ನಾನು ಟೈಲ್ಸ್ ಹಾಕೋನು. 2021ರ ಸೆಪ್ಟೆಂಬರ್. ಮೊದಲು ಸೈಟಲ್ಲಿ ಟೀ ಕುಡಿಯೋ ಶೆಡ್ ಮುಚ್ಚಿದ್ರು. ಆಮೇಲೆ ಒಂದು ಡೋಸ್ ತಗೊಂಡಿದ್ದಕ್ಕೆ ದಾಖಲೆ ಇಲ್ಲದಿದ್ರೆ ಸೈಟಿಗೇ ಬರಬೇಡಿ ಅಂದ್ರು. ಯೂನಿಯನ್ ಆಫೀಸ್ ಮುಂದೆ ಗಲಾಟೆ ಆಯ್ತು, ಗಾಜು ಒಡೆದ್ರು. ಕೂಡಲೇ ಇಡೀ ಕಟ್ಟಡ ಉದ್ಯಮನೇ ಎರಡು ವಾರ ಬಂದ್. ಗಾಜು ಒಡೆದೋರು ನೂರಾರು ಜನ, ಕೂಲಿ ಹೋಗಿದ್ದು ಲಕ್ಷಾಂತರ ಜನಕ್ಕೆ. ಮಾರನೇ ದಿನ ವೆಸ್ಟ್‌ಗೇಟ್ ಸೇತುವೆ ಮೇಲೆ ಮೆರವಣಿಗೆ. ಅದರ ಮಾರನೇ ದಿನ ಬೆಳಗ್ಗೆ ಒಂಬತ್ತು ಕಾಲಿಗೆ ಭೂಕಂಪ! ಸುಳ್ಳಲ್ಲ, 5.9. ಮೆಲ್ಬರ್ನಲ್ಲಿ ಭೂಕಂಪ ಯಾರಾದ್ರೂ ಕೇಳಿದ್ರಾ? ಮನೆಯಿಂದ ಹೊರಗೆ ಓಡಬೇಕೋ, ಲಾಕ್‌ಡೌನ್ ಅಂತ ಒಳಗೇ ಇರಬೇಕೋ ಅಂತ ನನ್ನ ಹೆಂಡ್ತಿ ಬಾಗಿಲಲ್ಲಿ ನಿಂತು ಕೇಳಿದ್ಲು. ಆವತ್ತೇ ಮಧ್ಯಾಹ್ನ ಯುದ್ಧ ಸ್ಮಾರಕದ ಮೆಟ್ಟಿಲ ಮೇಲೆ ಪೊಲೀಸರಿಗೂ ಪ್ರತಿಭಟನೆಯವರಿಗೂ ಬಿತ್ತು.

ನಾನು ಗಲಾಟೆಗೆ ಹೋಗಲಿಲ್ಲ. ಸ್ಮಾರಕದ ಮೇಲೆ ಉಚ್ಚೆ ಹೊಯ್ದರು ಅಂತ ಸುದ್ದಿ ಬಂದಾಗ ನನಗೂ ಸಿಟ್ಟು ಬಂತು. ಆದ್ರೆ ಒಂದು ಮಾತು. ಏಪ್ರಿಲಲ್ಲಿ ಆಸ್ಟ್ರಾಜೆನೆಕಾ ಐವತ್ತರ ಕೆಳಗಿನೋರಿಗೆ ಬೇಡ ಅಂದ್ರು. ಜೂನಲ್ಲಿ ಅರವತ್ತರ ಕೆಳಗಿನೋರಿಗೆ ಬೇಡ ಅಂದ್ರು. ಹತ್ತು ದಿನ ಕಳೆದು ಪ್ರಧಾನಿ, ಯಾವ ವಯಸ್ಸಿನೋರಾದ್ರೂ ಡಾಕ್ಟರ್ ಹತ್ರ ಕೇಳಿ ಹಾಕಿಸ್ಕೊಳ್ಳಿ ಅಂದ್ರು. ಕ್ವೀನ್ಸ್‌ಲ್ಯಾಂಡಿನ ದೊಡ್ಡ ಡಾಕ್ಟರಮ್ಮ, ಹದಿನೆಂಟರ ಹುಡುಗ ಈ ಲಸಿಕೆಯಿಂದ ಸಾಯೋದು ನನಗೆ ಬೇಡ ಅಂದ್ರು. ಇಷ್ಟು ಜನ ಇಷ್ಟು ಥರ ಹೇಳಿದ ಮೇಲೆ ಸೆಪ್ಟೆಂಬರಲ್ಲಿ ಬಂದು, ಹಾಕಿಸ್ಕೋ ಇಲ್ಲಾಂದ್ರೆ ಅನ್ನ ಇಲ್ಲ ಅಂದ್ರೆ? ಹಾಕಿಸ್ಕೊಂಡೆ. ಕೈಯಲ್ಲಿ ಏನೂ ತೊಂದರೆ ಆಗಲಿಲ್ಲ. ಮನಸ್ಸಲ್ಲಿ ಆಯ್ತು.

ಇನ್ನೊಂದ್ಸಲ? ಕೂರಲ್ಲ.

ಮೂರನೇಕಣ್ಣು

ಸತ್ಯ ಹೇಳಿ, ಲಸಿಕೆಯಿಂದ ಸತ್ತವರೇ ಕೋವಿಡ್‌ನಿಂದ ಸತ್ತವರಿಗಿಂತ ಹೆಚ್ಚು. ಎಲ್ಲ ಮುಚ್ಚಿಟ್ಟಿದ್ದಾರೆ. ವಾಟ್ಸ್ಯಾಪಲ್ಲಿ ಒಂದು ವಿಡಿಯೋ

[ಉಳಿದ ಭಾಗ ತೆಗೆಯಲಾಗಿದೆ. ಲಿಂಕ್ ಹಾಕಬೇಡಿ. ನಿರ್ವಾಹಕ]

ಲೆಕ್ಕದಮೇಷ್ಟ್ರು (ಕ್ಯಾನ್‌ಬೆರಾ)

ಮೂರನೇ ಕಣ್ಣಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಆಸ್ಟ್ರಾಜೆನೆಕಾದಿಂದ ರಕ್ತ ಹೆಪ್ಪುಗಟ್ಟುವ ಆ ವಿಚಿತ್ರ ತೊಂದರೆ ನಿಜ, ಯಾರೂ ಮುಚ್ಚಿಡಲಿಲ್ಲ, ಇಲ್ಲಿನ ಔಷಧ ನಿಯಂತ್ರಕರೇ ವಾರವಾರವೂ ಲೆಕ್ಕ ಪ್ರಕಟಿಸಿದರು. ಒಂದು ಕೋಟಿಗೂ ಹೆಚ್ಚು ಡೋಸ್ ಕೊಟ್ಟ ದೇಶದಲ್ಲಿ ಅದರಿಂದ ಸತ್ತವರು 8 ಮಂದಿ. ಆ ಎಂಟು ಮನೆಗಳಿಗೆ ಅದು ಸಣ್ಣ ಸಂಖ್ಯೆಯಲ್ಲ. ಆದರೆ ಕೋವಿಡ್‌ನಿಂದ 2022ರ ಒಂದೇ ವರ್ಷ ಇಲ್ಲಿ ಸತ್ತವರು ಹತ್ತು ಸಾವಿರದ ಮೇಲೆ. ಅದೂ ಬಹುತೇಕರು ಲಸಿಕೆ ಪಡೆದಿದ್ದ ದೇಶದಲ್ಲಿ, ಓಮಿಕ್ರಾನ್ ಕಾಲದಲ್ಲಿ. ಲಸಿಕೆಯಿಲ್ಲದೆ ಆ ಅಲೆ ಬಂದಿದ್ದರೆ ಏನಾಗುತ್ತಿತ್ತು ಎಂದು ಲಸಿಕೆ ಹಾಕಿಸಿಕೊಳ್ಳದೆ ಆ ಅಲೆಗೆ ಸಿಕ್ಕ ಹಾಂಕಾಂಗಿನ ಮುದುಕರನ್ನು ಕೇಳಬೇಕು.

ಈಗ ಗಾರೆಕೆಲಸದವರಿಗೆ. ಸ್ವಾಮಿ, ನಿಮ್ಮ ಸಿಟ್ಟು ಲಸಿಕೆಯ ಮೇಲಲ್ಲ, ಲಸಿಕೆ ಬಂದ ರೀತಿಯ ಮೇಲೆ. ಅದಕ್ಕೆ ನಾನೂ ಸಹಿ ಹಾಕುತ್ತೇನೆ.

ಕಥೆ ಹೀಗೆ. ಸರ್ಕಾರ ನೆಚ್ಚಿಕೊಂಡದ್ದು ಎರಡನ್ನು. ಒಂದು, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸ್ವದೇಶಿ ಲಸಿಕೆ. ಅದನ್ನು ಹಾಕಿಸಿಕೊಂಡವರ ರಕ್ತದಲ್ಲಿ ಎಚ್‌ಐವಿ ಪರೀಕ್ಷೆ ಸುಳ್ಳೇ ಪಾಸಿಟಿವ್ ತೋರಿಸತೊಡಗಿತು, 2020ರ ಡಿಸೆಂಬರಿನಲ್ಲಿ ಕೈಬಿಟ್ಟರು. ಇನ್ನೊಂದು, ಮೆಲ್ಬರ್ನಿನ ಬ್ರಾಡ್‌ಮೆಡೋಸಿನಲ್ಲಿ ಸಿಎಸ್‌ಎಲ್ ಕಂಪನಿ ತಯಾರಿಸುವ ಆಸ್ಟ್ರಾಜೆನೆಕಾ. ಇಲ್ಲೇ ತಯಾರು, ಯಾರ ಹಂಗೂ ಇಲ್ಲ ಎಂಬ ಲೆಕ್ಕ ತಪ್ಪಲ್ಲ. ಆದರೆ ಫೈಜರ್‌ಗೆ ಮೊದಲು ಕೊಟ್ಟ ಆರ್ಡರ್ ಒಂದೇ ಕೋಟಿ ಡೋಸ್, ಅಂದರೆ 50 ಲಕ್ಷ ಜನಕ್ಕೆ ಸಾಲುವಷ್ಟು. ದೇಶದ ಜನಸಂಖ್ಯೆ ಎರಡೂವರೆ ಕೋಟಿ! ಮನೆಗೆ ಇಪ್ಪತ್ತೈದು ಜನ ನೆಂಟರು ಬರುತ್ತಾರೆಂದು ಗೊತ್ತಿದ್ದೂ ಐದು ಜನಕ್ಕೆ ಅಕ್ಕಿ ತೊಳೆದ ಹಾಗೆ.

ಮೊದಲ ಸೂಜಿ ಚುಚ್ಚಿದ್ದು 2021ರ ಫೆಬ್ರವರಿ 21. ಮಾರ್ಚ್ ಕೊನೆಗೆ 40 ಲಕ್ಷ ಡೋಸ್ ಅಂದರು, ಅದರ ಕಾಲುಭಾಗವೂ ಆಗಲಿಲ್ಲ. ನಡುವೆ ಇಟಲಿ 2,50,000 ಡೋಸ್ ಆಸ್ಟ್ರಾಜೆನೆಕಾವನ್ನು ಇಲ್ಲಿಗೆ ಕಳಿಸದೆ ತಡೆದಿತ್ತು. ಪ್ರಧಾನಿ ಸ್ಕಾಟ್ ಮಾರಿಸನ್ "ಇದು ಓಟದ ಪಂದ್ಯವಲ್ಲ" ಅಂದರು. ಆ ಮಾತು ಅವರ ಬೆನ್ನಿಗಂಟಿಕೊಂಡು ಕೊನೆಯವರೆಗೂ ಬಂತು. ಕಾರ್ಮಿಕ ನಾಯಕಿ ಸ್ಯಾಲಿ ಮೆಕ್‌ಮ್ಯಾನಸ್ ಇದನ್ನು 'ಸ್ಟ್ರೋಲ್‌ಔಟ್' ಎಂದು ಕರೆದರು. ಲಸಿಕೆಯ ರೋಲ್‌ಔಟ್ ಅಲ್ಲ, ಸಂಜೆ ವಾಯುವಿಹಾರ. ಮ್ಯಾಕ್ವಾರಿ ನಿಘಂಟು ಅದನ್ನೇ ವರ್ಷದ ಪದವೆಂದು ಆರಿಸಿತು.

ಜೂನಿನಲ್ಲಿ ಡೆಲ್ಟಾ ಬಂದಾಗ ಜನ ಬರಿಗೈಯಲ್ಲಿದ್ದರು. ಆಮೇಲೆ ಪೋಲೆಂಡಿನಿಂದ 10 ಲಕ್ಷ ಫೈಜರ್ ಕೊಂಡುತಂದರು. ಸಿಂಗಾಪುರದಿಂದ 5 ಲಕ್ಷ, ಬ್ರಿಟನ್ನಿನಿಂದ 40 ಲಕ್ಷ ಕೈಗಡ. ಪಕ್ಕದ ಮನೆಗೆ ಹೋಗಿ ಒಂದು ಬಟ್ಟಲು ಸಕ್ಕರೆ ಕೇಳಿದ ಹಾಗೆ. ಪೋಲೆಂಡಿನದರಲ್ಲಿ ಅರ್ಧಕ್ಕೂ ಹೆಚ್ಚು ಪೇಡೆಯವರ ಆ ಹನ್ನೆರಡು ಕೌನ್ಸಿಲ್‌ಗಳ ಯುವಕರಿಗೆ ಹೋಯಿತು, ಅದು ಸರಿಯಾದ ಕೆಲಸ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. 2021ರ ಲಾಕ್‌ಡೌನ್ ರೋಗದಿಂದ ಬಿದ್ದದ್ದಲ್ಲ, ಲಸಿಕೆ ತಡವಾದದ್ದರಿಂದ ಬಿದ್ದದ್ದು. 2020ರದ್ದನ್ನೂ 2021ರದ್ದನ್ನೂ ಒಂದೇ ಗಂಟಿನಲ್ಲಿ ಕಟ್ಟಿ 'ಲಾಕ್‌ಡೌನ್ ಸರಿಯೋ ತಪ್ಪೋ' ಎಂದು ಜಗಳವಾಡುವುದೇ ತಪ್ಪು. ಮೊದಲನೆಯದು ಅನಿವಾರ್ಯ. ಎರಡನೆಯದು ಸರ್ಕಾರದ ಸಾಲ, ತೀರಿಸಿದ್ದು ಜನ.

ರಾತ್ರಿಪಾಳಿ

ಮೇಷ್ಟ್ರೇ, ಸರಿ. ಇನ್ನೊಂದು ಸೇರಿಸಿ. ವೃದ್ಧಾಶ್ರಮದ ಕೆಲಸದವರು ಮೊದಲ ಪಟ್ಟಿಯಲ್ಲಿದ್ದದ್ದು. ನಮ್ಮ ಆಶ್ರಮಕ್ಕೆ ತಂಡ ಬಂತು, ಅಜ್ಜ ಅಜ್ಜಿಯರಿಗೆ ಹಾಕಿತು, ಬಾಟಲಿಯಲ್ಲಿ ಉಳಿದದ್ದು ನಮಗೆ, ಉಳಿಯದಿದ್ದರೆ "ನೀವೇ ನೋಡಿಕೊಳ್ಳಿ" ಹೇಳಿ ಹೋಯಿತು. ಆಮೇಲೆ ಸೆಪ್ಟೆಂಬರ್ 17ರಿಂದ ನಮಗೆ ಕಡ್ಡಾಯ. ಕೊಡುವಾಗ ಕೊಡಲಿಲ್ಲ, ಬೆದರಿಸುವಾಗ ಸರಿಯಾಗಿ ಬಂದರು.

ಹಾಗಾಗಿ ಗಾರೆಕೆಲಸದವರ ಮಾತು ನನಗೆ ಅರ್ಥ ಆಗ್ತದೆ. ಒಪ್ಪಿಗೆ ಇಲ್ಲ, ಅರ್ಥ ಆಗ್ತದೆ.

ಊರಿನವ (ಮೈಸೂರು)

ನಾನು ಆಸ್ಟ್ರೇಲಿಯಾ ನೋಡಿದವನಲ್ಲ. ಅಕ್ಕನ ಮನೆ ಅಲ್ಲಿದೆ, ಅದಕ್ಕೆ ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು.

2021ರ ಏಪ್ರಿಲ್ ಕೊನೆ. ಅಕ್ಕ ಮಾವನ ತಿಥಿಗೆ ಬಂದವಳು ಇಲ್ಲೇ ಸಿಕ್ಕಿಕೊಂಡಿದ್ದಳು. ಅವಳು ಆಸ್ಟ್ರೇಲಿಯಾದ ನಾಗರಿಕಳು. 27ಕ್ಕೆ ಭಾರತದ ವಿಮಾನ ಎಲ್ಲ ನಿಲ್ಲಿಸಿದರು. ಬೇರೆ ದೇಶ ಸುತ್ತಿಕೊಂಡಾದರೂ ಹೋಗೋಣ ಅಂತ ನೋಡುತ್ತಿದ್ದೆವು. ಅಷ್ಟರಲ್ಲಿ ಆದೇಶ ಬಂತು: ಹದಿನಾಲ್ಕು ದಿನದೊಳಗೆ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ ಅಪರಾಧ. ಐದು ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ. ತನ್ನ ದೇಶಕ್ಕೆ ತಾನು ಹೋದರೆ ಜೈಲು! ಆಗ ಸುಮಾರು 9,000 ಆಸ್ಟ್ರೇಲಿಯನ್ನರು ಭಾರತದಲ್ಲಿದ್ದರು.

ಅದು ಜಾರಿಗೆ ಬಂದದ್ದು ಮೇ 3, ಸೋಮವಾರ. ಆ ತಾರೀಕು ನಮ್ಮ ಕಡೆಯವರು ಮರೆಯುವುದಿಲ್ಲ, ಆದರೆ ಬೇರೆ ಕಾರಣಕ್ಕೆ. ಹಿಂದಿನ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ ಹೋಯಿತು. ಬೆಳಗಾಗುವಷ್ಟರಲ್ಲಿ 24 ಜನ ಅಂತ ಸುದ್ದಿ. ಟೀವಿಯಲ್ಲಿ ಒಂದು ಕಡೆ ಅದು, ಅಕ್ಕನ ಮೊಬೈಲಲ್ಲಿ ಇನ್ನೊಂದು ಕಡೆ ಇದು. ಅಕ್ಕ ಅಳಲಿಲ್ಲ. "ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಇಷ್ಟೇ ಕೇಸಿದ್ದಾಗ ಅಲ್ಲಿಂದ ಬಂದವರನ್ನು ಜೈಲಿಗೆ ಹಾಕ್ತೀವಿ ಅಂದಿದ್ದರಾ?" ಅಂತ ಒಂದೇ ಮಾತು ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೋರ್ಟಿಗೆ ಯಾರೋ ಹೋದರು, 10ನೇ ತಾರೀಕು ಅರ್ಜಿ ವಜಾ ಆಯಿತು. ಐಪಿಎಲ್ ಆಡಲು ಬಂದಿದ್ದ ಅವರ ಕ್ರಿಕೆಟಿಗರು ಮಾಲ್ಡೀವ್ಸ್‌ಗೆ ಹೋಗಿ ಕಾದರು. ನಮ್ಮಕ್ಕ ಕುವೆಂಪುನಗರದಲ್ಲಿ ಕಾದಳು. ಮೇ 15ಕ್ಕೆ ಮೊದಲ ವಿಮಾನ ಡಾರ್ವಿನ್‌ಗೆ ಹೋಯಿತು, ಅದರಲ್ಲಿ 150 ಸೀಟಿಗೆ ಹೋದವರು ಸುಮಾರು 80. ಉಳಿದವರಲ್ಲಿ ಕೆಲವರು ಪಾಸಿಟಿವ್, ಕೆಲವರು ಪಾಸಿಟಿವ್ ಆದವರ ಜೊತೆಗಿದ್ದವರು.

ನೀವೆಲ್ಲ ಬೀಗದ ಒಳಗಿದ್ದವರು ಮಾತಾಡುತ್ತಿದ್ದೀರಿ. ಹೊರಗೆ ಬಾಗಿಲು ಬಡಿಯುತ್ತಾ ನಿಂತವರೂ ಇದ್ದರು, ಅಷ್ಟೇ.

ಸ್ವಾನ್‌ನದಿ

ಊರಿನವರೇ, ಅದನ್ನು ನಾವು ಇಲ್ಲಿ ಕೂತು ನೋಡಿದ್ದು ಇನ್ನೂ ಬೇರೆ ಥರ. ಆ ವಾರ ಆಫೀಸಿನಲ್ಲಿ ಒಬ್ಬರು "ಪಾಪ, ಇಂಡಿಯಾ" ಅಂದರು, ಮರುಕ್ಷಣ "ಮುಚ್ಚಿದ್ದು ಒಳ್ಳೇದಾಯ್ತು" ಅಂದರು. ಎರಡೂ ಮನಸ್ಸಿನಿಂದಲೇ ಹೇಳಿದ್ದು. ನಾನೂ ತಲೆಯಾಡಿಸಿದೆ. ಅದು ಈಗಲೂ ಚುಚ್ಚುತ್ತದೆ.

ಮೂರೂವರೆಕ್ಲಾಸು (ದಾವಣಗೆರೆಯಿಂದ ಈಗ ಮೆಲ್ಬರ್ನ್)

ನಮ್ಮಂಥ ವಿದ್ಯಾರ್ಥಿಗಳ ಲೆಕ್ಕ ಯಾರೂ ಬರೆಯಲ್ಲ. ಎರಡು ಜಾತಿ ನಾವು. ಇಲ್ಲಿ ಸಿಕ್ಕಿಕೊಂಡವರು, ಅಲ್ಲಿ ಸಿಕ್ಕಿಕೊಂಡವರು.

ಇಲ್ಲಿ ಸಿಕ್ಕಿಕೊಂಡ ನನ್ನ ರೂಮ್‌ಮೇಟಿಗೆ ಹೋಟೆಲ್ ಕೆಲಸ ಹೋಯಿತು. ಹದಿನೈದು ದಿನಕ್ಕೆ 1,500 ಡಾಲರ್ ಜಾಬ್‌ಕೀಪರ್ ಅಂತ ಕೊಟ್ಟರಲ್ಲ, ತಾತ್ಕಾಲಿಕ ವೀಸಾದವರಿಗೆ ಅದು ಇಲ್ಲ. 2020ರ ಏಪ್ರಿಲ್ 3ಕ್ಕೆ ಪ್ರಧಾನಿ, ನಿಮ್ಮ ಖರ್ಚು ನೀವು ನೋಡಿಕೊಳ್ಳಲಾಗದಿದ್ದರೆ ಊರಿಗೆ ಹೊರಡಿ ಅನ್ನೋ ಅರ್ಥದ ಮಾತಾಡಿದರು. ಹೊರಡೋದು ಹೇಗೆ, ಭಾರತ ಆಗಲೇ ವಿಮಾನ ನಿಲ್ಲಿಸಿತ್ತು! ಅವನು ಎಷ್ಟೋ ದಿನ ಊಟ ಮಾಡಿದ್ದು ಸಿಖ್ ಸ್ವಯಂಸೇವಕರ ವ್ಯಾನ್ ಬಂದಾಗ. ದಾಲ್, ಅನ್ನ, ಡಬ್ಬಿ ಮೇಲೆ ಬಿಸಿ ಇನ್ನೂ ಇರುತ್ತಿತ್ತಂತೆ. ಯಾರು, ಎಲ್ಲಿಯವರು ಅಂತ ಕೇಳುತ್ತಿರಲಿಲ್ಲ.

ನಾನು ಅಲ್ಲಿ ಸಿಕ್ಕಿಕೊಂಡವನು. ಮೆಲ್ಬರ್ನ್ ಬೆಳಗ್ಗೆ ಒಂಬತ್ತರ ಕ್ಲಾಸು ದಾವಣಗೆರೆಯಲ್ಲಿ ಬೆಳಗಿನ ಜಾವ ಮೂರೂವರೆಗೆ. ಅಪ್ಪ ಕೆಮ್ಮುತ್ತಾ ಎದ್ದು ಬಂದು "ಇಷ್ಟು ದುಡ್ಡು ಕಟ್ಟಿ ಕತ್ತಲಲ್ಲಿ ಕೂತು ಏನು ಓದ್ತೀಯೋ" ಅನ್ನೋರು. ಫೀಸು ಮಾತ್ರ ಪೂರ್ತಿ ಫೀಸು. ಬಾಗಿಲು ತೆರೆದಾಗ ಇನ್ನೊಂದು ತಮಾಷೆ. ನಾನು ಹಾಕಿಸಿಕೊಂಡಿದ್ದು ಕೊವ್ಯಾಕ್ಸಿನ್. 2021ರ ಅಕ್ಟೋಬರ್ 1ಕ್ಕೆ ಕೊವಿಶೀಲ್ಡ್ ಒಪ್ಪಿದರು, ನಮ್ಮದನ್ನು ಒಪ್ಪಲು ನವೆಂಬರ್ 1 ಆಯಿತು. ವಿದ್ಯಾರ್ಥಿಗಳಿಗೆ ಬಾಗಿಲು ತೆಗೆದದ್ದು ಡಿಸೆಂಬರ್ 15.

ಗಾರೆಕೆಲಸ

ತಮ್ಮಾ, ಅದನ್ನೇ ನಾನು ಹೇಳ್ತಿರೋದು. ಜನವರಿಯಲ್ಲಿ ಜೊಕೊವಿಚ್ ಬಂದಾಗ ನೋಡಿದ್ರಲ್ಲ. ಒಳಗೆ ಬಿಟ್ರು, ಹಿಡಿದ್ರು, ಕೋರ್ಟ್ ಬಿಡ್ತು, ಮತ್ತೆ ಹಿಡಿದು ಓಡಿಸಿದ್ರು. ಟೆನ್ನಿಸ್ ಆಡೋನಿಗೇ ಈ ಗತಿ ಅಂದ್ರೆ ನಿಯಮ ಏನು ಅಂತ ಅವರಿಗೇ ಗೊತ್ತಿರಲಿಲ್ಲ.

ಲೆಕ್ಕದಮೇಷ್ಟ್ರು

ಇಲ್ಲ ಸ್ವಾಮಿ, ಅಲ್ಲಿ ನಾನು ಒಪ್ಪಲಾರೆ. ಆರು ಲಾಕ್‌ಡೌನ್ ಅನುಭವಿಸಿದ ಊರಿಗೆ ಲಸಿಕೆಯಿಲ್ಲದೆ ಬರುತ್ತೇನೆ ಎಂದವನನ್ನು ಕಳಿಸಿದಾಗ ಹೆಚ್ಚಿನ ಜನ ಖುಷಿಪಟ್ಟರು. ನನಗೆ ಅದರಲ್ಲಿ ಬೇಸರವಾದದ್ದು ಇನ್ನೊಂದು. ಅವನನ್ನು ಇಟ್ಟ ಹೋಟೆಲಿನಲ್ಲೇ ವರ್ಷಗಟ್ಟಲೆ ಕೂಡಿಹಾಕಿದ್ದ ನಿರಾಶ್ರಿತರಿದ್ದರು. ಕ್ಯಾಮೆರಾಗಳು ಹೋದ ಮೇಲೂ ಅವರಲ್ಲಿ ಕೆಲವರು ಕಿಟಕಿಯಲ್ಲಿ ನಿಂತೇ ಇದ್ದರು.

ಮಲ್ಲಿಗೆಬಳ್ಳಿ

ಎಲ್ಲರದ್ದೂ ಓದಿದೆ. ಕೆಲವನ್ನು ಎರಡು ಸಲ.

ನನಗೆ ಈಗ ನೆನಪಾದದ್ದು 2020ರ ಜುಲೈ 4. ಫ್ಲೆಮಿಂಗ್ಟನ್, ನಾರ್ತ್ ಮೆಲ್ಬರ್ನಿನ ಒಂಬತ್ತು ಸರ್ಕಾರಿ ವಸತಿ ಗೋಪುರಗಳು. ಸುಮಾರು 3,000 ಜನ, ಬಹಳ ಮಂದಿ ಆಫ್ರಿಕಾದಿಂದ ಬಂದವರು. ಸಂಜೆ ಟೀವಿಯಲ್ಲಿ ಮುಖ್ಯಮಂತ್ರಿ ಡೇನಿಯಲ್ ಆಂಡ್ರೂಸ್ ಘೋಷಣೆ, ಅದೇ ಹೊತ್ತಿಗೆ ಕೆಳಗೆ ಪೊಲೀಸರ ಸಾಲು. ಹಾಲು ತರಲು ಇಳಿದವರಿಗೂ ಹೊರಗೆ ಹೋಗಲು ಬಿಡಲಿಲ್ಲ. ಒಂದು ಗೋಪುರ ಹದಿನಾಲ್ಕು ದಿನ ಹಾಗೇ ಇತ್ತು. ಡಿಸೆಂಬರಿನಲ್ಲಿ ರಾಜ್ಯದ ಓಂಬುಡ್ಸ್‌ಮನ್ ಡೆಬೊರಾ ಗ್ಲಾಸ್ ವರದಿ ಕೊಟ್ಟರು: ಮುನ್ಸೂಚನೆಯಿಲ್ಲದೆ ಆ ಕ್ಷಣವೇ ಮುಚ್ಚಿದ್ದು ಮಾನವ ಹಕ್ಕುಗಳ ಕಾನೂನಿಗೆ ವಿರುದ್ಧ. ಸರ್ಕಾರ ಕ್ಷಮೆ ಕೇಳಲು ಒಪ್ಪಲಿಲ್ಲ. ಕಡೆಗೆ 2023ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಹಂಚಿದರೆ ತಲೆಗೆ ಎರಡು ಸಾವಿರವೂ ಇಲ್ಲ.

ಆ ಸಂಜೆ ನಾನು ತುಂಬು ಗರ್ಭಿಣಿ, ಸೋಫಾದ ಮೇಲೆ ಕೂತು ಆ ಗೋಪುರಗಳನ್ನು ನೋಡಿ "ಮಾಡಲೇಬೇಕಲ್ಲ" ಅಂದೆ. ನಾಲ್ಕು ದಿನ ಕಳೆದು ಬೀಗ ನಮಗೂ ಬಿತ್ತು, ಆದರೆ ನಮಗೆ ಹಾಲು ತರಲು ಒಂದು ದಿನಕ್ಕೂ ಹೆಚ್ಚು ಟೈಮ್ ಕೊಟ್ಟಿದ್ದರು. ದಿನವೂ ಮುಖ್ಯಮಂತ್ರಿಯ ಪತ್ರಿಕಾಗೋಷ್ಠಿ, 120 ದಿನ ಬಿಡುವಿಲ್ಲದೆ. ಅದೇ ಕಪ್ಪು ಜಾಕೆಟ್. ನಾನು ಮಗುವಿಗೆ ಹಾಲೂಡಿಸುತ್ತಾ ನೋಡುತ್ತಿದ್ದೆ. ನಮ್ಮತ್ತೆಯ ಧಾರಾವಾಹಿಗಿಂತ ಹೆಚ್ಚು ಕಂತು ಆ ಮನುಷ್ಯನದ್ದು ನೋಡಿದ್ದೇನೆ. ಅಕ್ಟೋಬರ್ 26ಕ್ಕೆ ಸೊನ್ನೆ ಕೇಸು. 'ಡೋನಟ್ ದಿನ' ಅಂತ ಊರೆಲ್ಲ ಡೋನಟ್ ತಿಂದರು, ನಾವು ಉದ್ದಿನವಡೆ ಮಾಡಿದೆವು, ಅದಕ್ಕೂ ತೂತಿರುತ್ತದಲ್ಲ. 2022ರಲ್ಲಿ ಅವರನ್ನೇ ಮತ್ತೆ ಗೆಲ್ಲಿಸಿದೆವು. ನಾನೂ ಓಟು ಹಾಕಿದೆ. 'ಸರ್ವಾಧಿಕಾರಿ ಡ್ಯಾನ್' ಅಂದವರಿಗೆ ಇದು ಅರ್ಥವಾಗುವುದಿಲ್ಲ, ನನಗೂ ಪೂರ್ತಿ ಅರ್ಥವಾಗಿಲ್ಲ.

ನನ್ನ ಉತ್ತರ ಇಷ್ಟು. ಕೂರುತ್ತೇನೆ, ಆದರೆ ಆಗಿನ ಹಾಗೆ ಕಣ್ಣುಮುಚ್ಚಿ ಅಲ್ಲ. ಯಾರನ್ನು ಒಳಗಿಟ್ಟು, ಯಾರನ್ನು ಹೊರಗಿಟ್ಟು, ಯಾರ ಬಾಗಿಲಿಗೆ ಪೊಲೀಸರನ್ನು ಕಳಿಸಿದ್ದಾರೆ ಅಂತ ಮೊದಲ ದಿನವೇ ಕೇಳುತ್ತೇನೆ. ಪಟ್ಟಿಯಲ್ಲಿ ಅಮ್ಮ ಇಲ್ಲದಿದ್ದರೆ ಕೂರುವುದಿಲ್ಲ.

ರಾತ್ರಿಪಾಳಿ

ಉದ್ದಿನವಡೆಯ ಕಥೆ ಮೊದಲೇ ಹೇಳಬಾರದಿತ್ತಾ? ಪೇಡೆಯವರು ಎಲ್ಲಿ, ದಂಡದ ಕಥೆ ಬಾಕಿ ಉಂಟು.

ಧಾರವಾಡಪೇಡೆ

ಬಂದೆರೀ. ಶಿಫ್ಟ್ ಮುಗೀತು.

2021ರ ಆಗಸ್ಟ್. ನಮ್ಮ ಬಾಜೂ ಮನಿ ಹುಡುಗ ಊರಾಗ ಅವ್ವ ಹೋದ್ಲಂತ ಸುದ್ದಿ ಬಂದು ಪಾರ್ಕಿನ ಬೆಂಚಿನ ಮ್ಯಾಲೆ ಒಬ್ಬನ ಕುಂತಿದ್ದ. ನಾ ಹೋಗಿ ಬಾಜೂಕ ಕುಂತೆ. ಮಾತಿಲ್ಲ ಕಥಿಯಿಲ್ಲ, ಸುಮ್ಮನ. ಪೊಲೀಸ ಬಂದ, ಯಾಕ ಕುಂತೀರಿ ಅಂದ. ವ್ಯಾಯಾಮ ಅನ್ನಬೇಕಿತ್ತು, ನಾ ಖರೇ ಹೇಳಿದೆ. ಸಾವಿರ ಡಾಲರ್ ಚೀಟಿ ಹರದ ಕೊಟ್ಟ. ಚೀಟಿಯಾಗ ತಪ್ಪೇನು ಅಂತ ಸರಿಯಾಗಿ ಬರದೂ ಇರಲಿಲ್ಲ. ಕಟ್ಟಿದೆ, ಏನ ಮಾಡೋದು. ವೀಸಾಕ್ಕ ತೊಂದರಿ ಆದೀತು ಅಂತ ಹೆದರಿಕಿ.

2022ರ ನವೆಂಬರ್‌ದಾಗ ರೆಡ್‌ಫರ್ನಿನ ಕಾನೂನು ನೆರವಿನವರು ನಮ್ಮ ರಾಜ್ಯದ ಸುಪ್ರೀಂ ಕೋರ್ಟಿನ್ಯಾಗ (ಇಲ್ಲಿ ಅದು ಊರಿನ ಹೈಕೋರ್ಟ್ ಇದ್ದಂಗ) ಗೆದ್ರು. ಚೀಟಿಯಾಗ ತಪ್ಪು ಏನಂತ ಬರದಿಲ್ಲಂದ್ರ ದಂಡ ಊರ್ಜಿತ ಅಲ್ಲ ಅಂತ. ಒಂದ ಏಟಿಗೆ 33,000ಕ್ಕೂ ಹೆಚ್ಚು ದಂಡ ರದ್ದು. ಉಳದ 23,000 ಚಿಲ್ಲರ 2024ರಾಗ ರದ್ದಾದವು.

ನನ್ನ ಸಾವಿರ ಡಾಲರ್ ವಾಪಸ್ ಬಂತ್ರಿ. ಅಕೌಂಟ್ ನೋಡಿ ನಮ್ಮ ಮನಿಯಾಕಿ, ಇದ ಪುಕ್ಕಟಿ ರೊಕ್ಕ ಅಂತ ಹೊಸಾ ಮಿಕ್ಸರ್ ತಗೊಂಡ್ಲು. ಪುಕ್ಕಟಿ ಅಲ್ಲ ಮಾರಾಯ್ತಿ, ನಂದ ರೊಕ್ಕ ಅಂದೆ. ಕೇಳಲಿಲ್ಲ. ಈಗ ದಿನಾ ಮುಂಜಾನೆ ಅದು ಗರ್‌ರ್ ಅಂದಾಗೊಮ್ಮೆ ಆ ಬೆಂಚು ನೆನಪಾಗ್ತೈತಿ. ಆ ಹುಡುಗ ಈಗ ಬ್ರಿಸ್ಬೇನ್‌ದಾಗ ಅದಾನ, ಲಗ್ನ ಆಗೇತಿ. ಹಬ್ಬಕ್ಕ ಫೋನ್ ಮಾಡ್ತಾನ.